ಕೈಗಾದಿಂದ ಊರಿನ ಎಕ್ಸ್-ರೇ ಕೋಣೆಯವರೆಗೆ: ವಿಕಿರಣ ಸುರಕ್ಷತೆ ಮತ್ತು ಸರ್ಕಾರದ ಮೇಲ್ವಿಚಾರಣೆ ಕುರಿತು ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಪ್ರೌಢಶಾಲೆಗಳಲ್ಲಿಯೂ ಸಹಕಾರ ಸಂಘಗಳ ಸಭೆಗಳಲ್ಲಿಯೂ ಅಣುಶಕ್ತಿಯ ವಿಷಯ ಮಾತನಾಡಲು ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಈಗಿರುವ ನಾಲ್ಕು ಘಟಕಗಳ ಜೊತೆಗೆ ತಲಾ 700 ಮೆಗಾವಾಟ್‌ನ ಐದನೆಯ ಮತ್ತು ಆರನೆಯ ಘಟಕಗಳು ಬರಲಿರುವುದರಿಂದ ಈ ಪ್ರಶ್ನೆಗಳು ಮತ್ತೆ ಕೇಳಿಬರುತ್ತಿವೆ. ಹೆದರಿಸುವುದಾಗಲಿ ಸಮಾಧಾನ ಹೇಳಿ ಕಳಿಸುವುದಾಗಲಿ ಇಲ್ಲಿನ ಉದ್ದೇಶವಲ್ಲ. ಯಾವ ಅಂಕಿಯನ್ನು ಯಾರು ಅಳೆಯುತ್ತಾರೆ, ಆ ಅಳತೆಯನ್ನು ಯಾರು ಪರಿಶೀಲಿಸುತ್ತಾರೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದನ್ನು ಓದುಗರೇ ತೀರ್ಮಾನಿಸಬಹುದು.

ಕೈಗಾ ನಮ್ಮಿಂದ ಎಷ್ಟು ದೂರ? ಅಲ್ಲಿನ ನೀರು ನಮ್ಮ ಹೊಳೆಗಳಿಗೆ ಸೇರುತ್ತದೆಯೇ?

ನೇರ ಗೆರೆ ಎಳೆದು ನೋಡಿದರೆ ಕೈಗಾ ಸ್ಥಾವರವು ಶಿರಸಿಯಿಂದ ಸುಮಾರು 50 ಕಿಲೋಮೀಟರ್, ಸಾಗರದಿಂದ ಸುಮಾರು 100 ಕಿಲೋಮೀಟರ್, ಶಿವಮೊಗ್ಗ ನಗರದಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿದೆ. ಅದು ಕಾರವಾರ ತಾಲೂಕಿಗೆ ಸೇರಿದ್ದು, ಕಾಳಿ ನದಿಗೆ ಕಟ್ಟಿದ ಕದ್ರಾ ಜಲಾಶಯದ ದಡದಲ್ಲಿದೆ. ತಂಪುಕಾರಿ ನೀರನ್ನು ಆ ಜಲಾಶಯದಿಂದಲೇ ಪಡೆಯುತ್ತದೆ. ಕಾಳಿಯು ಕಾರವಾರದ ಬಳಿ ಸಮುದ್ರ ಸೇರುತ್ತದೆ. ಶರಾವತಿ, ತುಂಗಾ, ಭದ್ರಾ, ವರದಾ ನದಿಗಳಿಗೂ ಕಾಳಿಗೂ ನೀರಿನ ಸಂಬಂಧವಿಲ್ಲ. ಹೀಗಾಗಿ ಸ್ಥಾವರದಿಂದ ಹೊರಬಿಡುವ ನೀರು ಶಿವಮೊಗ್ಗ ಜಿಲ್ಲೆಯ ಕುಡಿಯುವ ನೀರಿಗೆ ಸೇರುವ ದಾರಿಯಿಲ್ಲ. ಗಾಳಿಯ ಮಾತು ಬೇರೆ. ಅದನ್ನು ತುರ್ತುಸ್ಥಿತಿಯ ಪ್ರಶ್ನೆಯಲ್ಲಿ ನೋಡೋಣ.

ಸ್ಥಾವರದ ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಯಾವುದು?

ಎಇಆರ್‌ಬಿ ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತವಾಗಿರುವ ಅಣುಶಕ್ತಿ ನಿಯಂತ್ರಣ ಮಂಡಳಿ. 1962ರ ಅಣುಶಕ್ತಿ ಕಾಯ್ದೆಯಡಿ 1983ರ ನವೆಂಬರ್ 15ರಂದು ಇದನ್ನು ರಚಿಸಲಾಯಿತು. ಮುಂಬೈನ ಅಣುಶಕ್ತಿನಗರದಲ್ಲಿ ಇದರ ಕಚೇರಿಯಿದೆ. ಸ್ಥಾವರವನ್ನು ನಡೆಸುವುದು ಭಾರತೀಯ ಅಣು ವಿದ್ಯುತ್ ನಿಗಮ. ಅದು ಕೇಂದ್ರದ ಅಣುಶಕ್ತಿ ಇಲಾಖೆಯ ಅಧೀನದಲ್ಲಿದೆ. ರಾಜ್ಯ ಸರ್ಕಾರಕ್ಕಾಗಲಿ ಜಿಲ್ಲಾಡಳಿತಕ್ಕಾಗಲಿ ರಿಯಾಕ್ಟರಿನ ಒಳಗಿನ ಸುರಕ್ಷತೆಯ ಮೇಲೆ ಅಧಿಕಾರವಿಲ್ಲ. ಅವುಗಳ ಹೊಣೆ ಆರಂಭವಾಗುವುದು ಬೇಲಿಯ ಹೊರಗೆ.

ಹಾಗಾದರೆ ನಿಯಂತ್ರಣ ಮಂಡಳಿ ನಿಜವಾಗಿಯೂ ಸ್ವತಂತ್ರವೇ?

ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು, ಏಕೆಂದರೆ ಉಳಿದೆಲ್ಲ ಪ್ರಶ್ನೆಗಳ ಬೇರು ಇಲ್ಲಿದೆ.

ಮಂಡಳಿಯು ಹುಟ್ಟಿದ ದಿನದಿಂದ ಅಣುಶಕ್ತಿ ಆಯೋಗಕ್ಕೆ ವರದಿ ಒಪ್ಪಿಸುತ್ತ ಬಂದಿದೆ. ಆ ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಸ್ಥಾವರ ಕಟ್ಟುವ ಮತ್ತು ನಡೆಸುವ ನಿಗಮವೂ ಅದೇ ಇಲಾಖೆಯ ಕೈಕೆಳಗಿದೆ. ಅಂದರೆ ಪರೀಕ್ಷೆ ಬರೆಯುವವರೂ ಉತ್ತರಪತ್ರಿಕೆ ತಿದ್ದುವವರೂ ಕೊನೆಗೆ ಒಂದೇ ಮೇಜಿನ ಮುಂದೆ ನಿಲ್ಲಬೇಕಾದ ಏರ್ಪಾಡು ಇದು. ಮಂಡಳಿಯಲ್ಲಿರುವ ತಜ್ಞರ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. 1993ರಿಂದ 1996ರವರೆಗೆ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಅವರ ಕಾಲದಲ್ಲಿ ದೇಶದ ಅಣು ಘಟಕಗಳಲ್ಲಿನ ಸುಮಾರು 130 ಸುರಕ್ಷತಾ ಲೋಪಗಳನ್ನು ಮಂಡಳಿಯೇ ಪಟ್ಟಿ ಮಾಡಿತ್ತು. ಆದರೆ ವ್ಯಕ್ತಿಗಳ ಧೈರ್ಯವನ್ನೇ ನಂಬಿ ಒಂದು ವ್ಯವಸ್ಥೆ ನಿಲ್ಲಬಾರದು.

ಇದನ್ನು ಹೇಳಿದವರು ಚಳವಳಿಗಾರರು ಮಾತ್ರವಲ್ಲ. ಮಹಾಲೇಖಪಾಲರು 2012ರಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿಯಲ್ಲಿ, ಮಂಡಳಿಗೆ ಶಾಸನಬದ್ಧ ಸ್ಥಾನವಿಲ್ಲ, ನಿಯಮ ರೂಪಿಸುವ ಅಧಿಕಾರವಿಲ್ಲ, ಸರ್ಕಾರದ ಒಂದು ಅಧೀನ ಕಚೇರಿಯಂತೆ ಅದು ಉಳಿದಿದೆ ಎಂದು ಸ್ಪಷ್ಟವಾಗಿ ಆಕ್ಷೇಪಿಸಿದರು. ಮರುವರ್ಷ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಇದೇ ವಿಷಯವನ್ನು ಎತ್ತಿಕೊಂಡಿತು. ಫುಕುಶಿಮಾ ಅವಘಡ ನಡೆದ 2011ರಲ್ಲಿಯೇ ಹೊಸ ಸುರಕ್ಷತಾ ನಿಯಂತ್ರಣ ಪ್ರಾಧಿಕಾರದ ಮಸೂದೆಯೊಂದು ಲೋಕಸಭೆಯಲ್ಲಿ ಮಂಡನೆಯಾಗಿತ್ತು. 2014ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ‘ಶಾಂತಿ’ ಎಂಬ ಸಂಕ್ಷಿಪ್ತ ಹೆಸರಿನ ಹೊಸ ಕಾಯ್ದೆಯು 1962ರ ಕಾಯ್ದೆಯನ್ನೂ 2010ರ ಅಣು ಹಾನಿ ಹೊಣೆಗಾರಿಕೆ ಕಾಯ್ದೆಯನ್ನೂ ತೆಗೆದುಹಾಕಿ, ಅಣು ವಿದ್ಯುತ್ ಕ್ಷೇತ್ರಕ್ಕೆ ಖಾಸಗಿ ಕಂಪನಿಗಳೂ ಬರಲು ದಾರಿ ಮಾಡಿದೆ. ಮಂಡಳಿಗೆ ಶಾಸನಬದ್ಧ ಸ್ಥಾನ ಕೊಟ್ಟಿರುವುದು ಇದರಲ್ಲಿನ ಸ್ವಾಗತಾರ್ಹ ಅಂಶ. ಆದರೆ ಮಂಡಳಿಯ ಅಧ್ಯಕ್ಷರನ್ನು ಮತ್ತು ಸದಸ್ಯರನ್ನು ಶಿಫಾರಸು ಮಾಡುವ ಸಮಿತಿಯನ್ನು ಅಣುಶಕ್ತಿ ಆಯೋಗವೇ ರಚಿಸುವುದರಿಂದ ಹಳೆಯ ನಂಟು ಪೂರ್ತಿ ಕಡಿದಿಲ್ಲ ಎಂಬುದು ನನ್ನ ಅಭಿಪ್ರಾಯ.

ಸ್ಥಾವರಕ್ಕೆ ಪರವಾನಗಿ ಒಂದೇ ಸಲಕ್ಕೆ ಸಿಗುತ್ತದೆಯೇ?

ಇಲ್ಲ. ಜಾಗದ ಆಯ್ಕೆ, ನಿರ್ಮಾಣ, ಕಾರ್ಯಾರಂಭ, ಚಾಲನೆ, ಕೊನೆಗೆ ಸ್ಥಾವರವನ್ನು ಕಳಚುವುದು ಹೀಗೆ ಪ್ರತಿ ಹಂತಕ್ಕೂ ಮಂಡಳಿಯ ಪ್ರತ್ಯೇಕ ಒಪ್ಪಿಗೆ ಬೇಕು. ಚಾಲನೆಯ ಪರವಾನಗಿಯನ್ನು ಐದು ವರ್ಷಗಳ ಅವಧಿಗೆ ಕೊಟ್ಟು ನವೀಕರಿಸಲಾಗುತ್ತದೆ. ಹತ್ತು ವರ್ಷಕ್ಕೊಮ್ಮೆ ಇಡೀ ಘಟಕದ ಸುರಕ್ಷತೆಯ ಸಮಗ್ರ ಪುನರ್‌ಪರಿಶೀಲನೆ ನಡೆಯುತ್ತದೆ.

ಹಂತಹಂತದ ಒಪ್ಪಿಗೆ ಏಕೆ ಬೇಕು ಎಂಬುದಕ್ಕೆ ಕೈಗಾವೇ ಉದಾಹರಣೆ. 1994ರ ಮೇ 13ರಂದು, ನಿರ್ಮಾಣ ಹಂತದಲ್ಲಿದ್ದ ಒಂದನೆಯ ಘಟಕದ ಒಳಗುಮ್ಮಟದ ಕೆಳಪದರ ಕಳಚಿ, ಸುಮಾರು 130 ಟನ್ ಕಾಂಕ್ರೀಟ್ ಕೆಳಕ್ಕೆ ಕುಸಿಯಿತು. ಕೆಲವು ಕಾರ್ಮಿಕರು ಗಾಯಗೊಂಡರು. ಅವಘಡವಾದರೆ ವಿಕಿರಣವನ್ನು ಒಳಗೇ ತಡೆದು ನಿಲ್ಲಿಸಬೇಕಾದ ಕವಚವೇ ಇಂಧನ ತುಂಬುವ ಮೊದಲು ಬಿದ್ದಿತ್ತು. ಒಳಗೆ ಇಂಧನ ಇರಲಿಲ್ಲವಾದ್ದರಿಂದ ವಿಕಿರಣದ ಮಾತೇ ಬರಲಿಲ್ಲ. ಮಂಡಳಿ ಕೆಲಸ ನಿಲ್ಲಿಸಿ ತನಿಖೆ ನಡೆಸಿತು, ವಿನ್ಯಾಸ ಬದಲಾಯಿತು, ಹೆಚ್ಚು ಗಟ್ಟಿಯಾದ ಕಾಂಕ್ರೀಟಿನಿಂದ ಗುಮ್ಮಟವನ್ನು ಹೊಸದಾಗಿ ಕಟ್ಟಲಾಯಿತು. ಒಂದನೆಯ ಘಟಕಕ್ಕಿಂತ ಎರಡನೆಯದೇ ಮೊದಲು, 2000ದ ಮಾರ್ಚ್‌ನಲ್ಲಿ, ವಾಣಿಜ್ಯ ಉತ್ಪಾದನೆ ಆರಂಭಿಸಿತು. ಒಂದನೆಯದು ಅದೇ ವರ್ಷದ ನವೆಂಬರ್‌ನಲ್ಲಿ. ಅದೇ ಒಂದನೆಯ ಘಟಕ ಮುಂದೆ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಬರೆಯಿತು. ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕೆಂದು ನಾನು ಮಕ್ಕಳಿಗೆ ಹೇಳುತ್ತೇನೆ.

ಸ್ಥಾವರ ಮಾಮೂಲಾಗಿ ನಡೆಯುವಾಗಲೂ ವಿಕಿರಣಶೀಲ ವಸ್ತು ಹೊರಬರುತ್ತದೆಯೇ?

ಬರುತ್ತದೆ. ‘ಏನೂ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಮಂಡಳಿಯೇ ಹಾಗೆ ಹೇಳುವುದಿಲ್ಲ. ಕೈಗಾದ ರಿಯಾಕ್ಟರುಗಳು ಭಾರಜಲವನ್ನು, ಅಂದರೆ ಹೆಚ್ಚು ತೂಕದ ಹೈಡ್ರೋಜನ್ ಇರುವ ನೀರನ್ನು, ಬಳಸುವಂಥವು. ಭಾರಜಲವು ನ್ಯೂಟ್ರಾನುಗಳಿಗೆ ಒಡ್ಡಿಕೊಂಡಾಗ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಭಾಗ ತೇವಾಂಶದ ರೂಪದಲ್ಲಿ ಎತ್ತರದ ಚಿಮಣಿಯಿಂದ ಗಾಳಿಗೂ, ಸ್ವಲ್ಪ ಭಾಗ ಸಂಸ್ಕರಿಸಿದ ನೀರಿನೊಂದಿಗೆ ಜಲಾಶಯಕ್ಕೂ ಹೋಗುತ್ತದೆ. ಕ್ಸೆನಾನ್, ಕ್ರಿಪ್ಟಾನ್‌ನಂತಹ ಜಡ ಅನಿಲಗಳು, ಅತ್ಯಲ್ಪ ಪ್ರಮಾಣದ ಅಯೋಡಿನ್-131 ಚಿಮಣಿಯ ದಾರಿಯಲ್ಲಿಯೂ, ಸೀಸಿಯಂ-137ರಂಥವು ದ್ರವ ತ್ಯಾಜ್ಯದಲ್ಲಿಯೂ ಲೆಕ್ಕಕ್ಕೆ ಬರುತ್ತವೆ.

ಇವೆಲ್ಲ ಒಂದೇ ಸ್ವಭಾವದವಲ್ಲ. ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಎಂಟು ದಿನ. ಆದರೆ ಅದು ಹುಲ್ಲಿನಿಂದ ಹಸುವಿಗೆ, ಹಸುವಿನ ಹಾಲಿನಿಂದ ಮಕ್ಕಳ ಥೈರಾಯ್ಡ್ ಗ್ರಂಥಿಗೆ ಬೇಗ ತಲುಪುತ್ತದೆ. ಟ್ರಿಟಿಯಂನ ಅರ್ಧಾಯುಷ್ಯ ಹನ್ನೆರಡು ವರ್ಷಕ್ಕಿಂತ ತುಸು ಹೆಚ್ಚು. ಆದರೆ ದೇಹಕ್ಕೆ ಸೇರಿದ ಟ್ರಿಟಿಯಂ ನೀರು ಬೆವರು, ಮೂತ್ರಗಳಲ್ಲಿ ಸುಮಾರು ಹತ್ತು ದಿನಗಳಲ್ಲಿ ಅರ್ಧದಷ್ಟು ಹೊರಹೋಗುತ್ತದೆ. ಸೀಸಿಯಂ-137 ಮೂವತ್ತು ವರ್ಷಕ್ಕೆ ಅರ್ಧವಾಗುತ್ತದೆ, ಮಣ್ಣಿಗೆ ಅಂಟಿಕೊಂಡು ಕೂರುತ್ತದೆ. ಆದ್ದರಿಂದ ‘ವಿಕಿರಣ ಎಷ್ಟು ಬಿಟ್ಟರು’ ಎಂದು ಒಟ್ಟಾಗಿ ಕೇಳುವುದಕ್ಕಿಂತ ಯಾವ ವಸ್ತು, ಯಾವ ದಾರಿಯಲ್ಲಿ, ಎಷ್ಟು ಎಂದು ಬಿಡಿಸಿ ಕೇಳುವುದು ಒಳ್ಳೆಯದು.

ಮಿತಿ ಎಷ್ಟು? ಅದನ್ನು ಮೀರಿದ್ದಾರೆಯೇ?

ಸ್ಥಾವರದ ಕಾರಣದಿಂದ ಸಾರ್ವಜನಿಕರಲ್ಲಿ ಯಾರಿಗೂ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ವಿಕಿರಣ ತಾಗಬಾರದು ಎಂಬುದು ನಿಯಮ. ದೇಹಕ್ಕೆ ತಾಗುವ ವಿಕಿರಣವನ್ನು ಅಳೆಯುವ ಮಾನ ಈ ಮಿಲಿಸೀವರ್ಟ್. ಒಂದೇ ಜಾಗದಲ್ಲಿ ಎಷ್ಟು ಘಟಕಗಳಿದ್ದರೂ ಈ ಮಿತಿ ಎಲ್ಲವಕ್ಕೂ ಸೇರಿ ಅನ್ವಯಿಸುತ್ತದೆ. ವಿಕಿರಣ ಕ್ಷೇತ್ರದಲ್ಲಿ ದುಡಿಯುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಗರಿಷ್ಠ ಮಿತಿ. ಹೋಲಿಕೆಗೆ ಹೇಳುವುದಾದರೆ, ಮಣ್ಣು, ಬಂಡೆ, ಗಾಳಿಯಲ್ಲಿನ ರೇಡಾನ್, ಆಕಾಶದಿಂದ ಬರುವ ಕಿರಣ ಎಲ್ಲ ಸೇರಿ ಮನುಷ್ಯನಿಗೆ ನಿಸರ್ಗದಿಂದಲೇ ವರ್ಷಕ್ಕೆ ಜಾಗತಿಕ ಸರಾಸರಿಯಲ್ಲಿ 2.4 ಮಿಲಿಸೀವರ್ಟ್ ತಾಗುತ್ತದೆ; ಹೊಟ್ಟೆಯ ಭಾಗದ ಒಂದು ಸಿಟಿ ಸ್ಕ್ಯಾನ್ 10 ಮಿಲಿಸೀವರ್ಟ್‌ನ ಆಸುಪಾಸಿನಲ್ಲಿರುತ್ತದೆ.

ಮಂಡಳಿಯ ವಾರ್ಷಿಕ ವರದಿಗಳಲ್ಲಿ ಪ್ರತಿ ಸ್ಥಾವರದ ಸುತ್ತಲಿನ ಸಾರ್ವಜನಿಕರಿಗೆ ತಾಗುವ ಪ್ರಮಾಣವನ್ನು ಪ್ರಕಟಿಸಲಾಗುತ್ತದೆ. 1 ಮಿಲಿಸೀವರ್ಟ್ ಎಂದರೆ 1000 ಮೈಕ್ರೋಸೀವರ್ಟ್. ಕೈಗಾದ ಅಂಕಿ ಸಾಮಾನ್ಯವಾಗಿ ಕೆಲವೇ ಮೈಕ್ರೋಸೀವರ್ಟ್‌ಗಳಲ್ಲಿ ನಿಲ್ಲುತ್ತದೆ. ಈ ಅಂಕಿಯನ್ನು ನಾನು ನಂಬುತ್ತೇನೆಯೇ ಎಂದು ಕೇಳುತ್ತಾರೆ. ಸುಳ್ಳೆನ್ನಲು ನನ್ನ ಬಳಿ ಆಧಾರವಿಲ್ಲ. ಆದರೆ ಮುಂದಿನ ಉತ್ತರವನ್ನೂ ಓದಿ.

ಈ ಅಳತೆಯನ್ನು ಮಾಡುವವರು ಯಾರು?

ಪ್ರತಿ ಅಣು ವಿದ್ಯುತ್ ಸ್ಥಾವರದ ಬಳಿಯೂ ಒಂದು ಪರಿಸರ ಸಮೀಕ್ಷಾ ಪ್ರಯೋಗಾಲಯವಿರುತ್ತದೆ. ಕೈಗಾದ್ದನ್ನು ನಡೆಸುವುದು ಭಾಭಾ ಅಣು ಸಂಶೋಧನಾ ಕೇಂದ್ರ. ಸ್ಥಾವರ ಶುರುವಾಗುವುದಕ್ಕೆ ವರ್ಷಗಳ ಮೊದಲೇ ಸುತ್ತಲಿನ ನೈಸರ್ಗಿಕ ವಿಕಿರಣವನ್ನು ಅಳೆದು ದಾಖಲಿಸುವುದು, ಆಮೇಲೆ ಅದರೊಂದಿಗೆ ಹೋಲಿಸುತ್ತ ಹೋಗುವುದು ಇದರ ಕೆಲಸ. ಅಳೆಯುವ ವಸ್ತುಗಳು ನಮ್ಮ ಅಡುಗೆಮನೆಯಲ್ಲಿರುವವೇ: ಹಾಲು, ಅಕ್ಕಿ, ತರಕಾರಿ, ಮೀನು, ಜೊತೆಗೆ ಹುಲ್ಲು, ಜಲಾಶಯದ ನೀರು, ತಳದ ಹೂಳು. ಹೂಳನ್ನು ಯಾಕೆ ಎಂದು ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಅಂಗಳದ ತೊಟ್ಟಿಯಲ್ಲಿ ಮೇಲಿನ ನೀರು ತಿಳಿಯಾಗಿದ್ದರೂ ತಳ ಕೆದಕಿದರೆ ವರ್ಷದ ಕೆಸರೆಲ್ಲ ಎದ್ದುಬರುವುದಿಲ್ಲವೇ, ಹಾಗೆಯೇ ಸೀಸಿಯಂನಂತಹ ವಸ್ತು ಹರಿವ ನೀರಿಗಿಂತ ತಳದ ಹೂಳಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ ಎಂದೆ.

ಈ ಪ್ರಯೋಗಾಲಯ ನಿಗಮದ್ದಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಅದನ್ನು ನಡೆಸುವ ಸಂಶೋಧನಾ ಕೇಂದ್ರವೂ ಅದೇ ಅಣುಶಕ್ತಿ ಇಲಾಖೆಗೆ ಸೇರಿದ್ದು. ಒಂದು ವಿಶ್ವವಿದ್ಯಾಲಯವೋ ರಾಜ್ಯದ ಸ್ವತಂತ್ರ ಪ್ರಯೋಗಾಲಯವೋ ಅದೇ ಹಾಲು, ಅದೇ ಹೂಳಿನ ಮಾದರಿಯನ್ನು ನಿಯಮಿತವಾಗಿ ಅಳೆದು, ಎರಡೂ ಅಂಕಿಗಳನ್ನು ಅಕ್ಕಪಕ್ಕ ಕನ್ನಡದಲ್ಲಿ ಪ್ರಕಟಿಸುವಂತಾಗಬೇಕು ಎಂದು ನಾನು ಹಲವು ವರ್ಷಗಳಿಂದ ಒತ್ತಾಯಿಸುತ್ತಿದ್ದೇನೆ. ಅಂಕಿ ಸರಿಯಿದ್ದರೆ ಇದರಿಂದ ಇಲಾಖೆಗೇ ಲಾಭ.

2009ರಲ್ಲಿ ಕೈಗಾದಲ್ಲಿ ಕುಡಿಯುವ ನೀರಿಗೆ ವಿಕಿರಣ ವಸ್ತು ಸೇರಿತ್ತಂತೆ, ನಿಜವೇ?

ನಿಜ. ಆ ವರ್ಷದ ನವೆಂಬರ್‌ನಲ್ಲಿ ಕಾರ್ಮಿಕರ ಮೂತ್ರದ ಮಾಮೂಲಿ ತಪಾಸಣೆಯಲ್ಲಿ ಟ್ರಿಟಿಯಂ ಪ್ರಮಾಣ ಹೆಚ್ಚಾಗಿರುವುದು ಕಂಡುಬಂತು. ಹುಡುಕಿದಾಗ ಒಂದನೆಯ ಘಟಕದ ಒಳಗಿನ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇರುವ ಭಾರಜಲ ಸೇರಿದ್ದು ತಿಳಿಯಿತು. ಐವತ್ತಕ್ಕೂ ಹೆಚ್ಚು ಮಂದಿ ಆ ನೀರನ್ನು ಕುಡಿದಿದ್ದರು. ಇದು ಯಂತ್ರದ ಸೋರಿಕೆಯಲ್ಲ, ಒಳಗಿನವರೇ ಯಾರೋ ಬೇಕೆಂದು ಬೆರೆಸಿದ್ದು ಎಂದು ಅಧಿಕಾರಿಗಳು ಹೇಳಿದರು. ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟು ಚಿಕಿತ್ಸೆ ಮಾಡಲಾಯಿತು. ಬೇಲಿಯ ಹೊರಗೆ ಇದರ ಪರಿಣಾಮವಾಗಲಿಲ್ಲ.

ಈ ಪ್ರಕರಣದಲ್ಲಿ ತಪಾಸಣೆಯ ಪದ್ಧತಿ ಕೆಲಸ ಮಾಡಿತು ಎಂಬುದನ್ನು ಒಪ್ಪಬೇಕು. ಆದರೆ ಹೊರಗಿನ ಜನಕ್ಕೆ ವಿಷಯ ತಿಳಿದದ್ದು ದಿನಗಳು ಕಳೆದು ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ. ಆ ನಡುವಿನ ದಿನಗಳಲ್ಲಿ ಕಾರ್ಮಿಕರ ಮನೆಯವರ ಪಾಡೇನು ಎಂದು ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನೆಲ್ಲ ನೋಡುವುದಿಲ್ಲವೇ?

ಬಿಸಿನೀರು, ರಾಸಾಯನಿಕ, ಒಳಚರಂಡಿ ಇತ್ಯಾದಿಗಳಿಗೆ 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಗಳಡಿ ಅದರ ಸಮ್ಮತಿ ಬೇಕು. ವಿಕಿರಣಶೀಲ ತ್ಯಾಜ್ಯ ಮಾತ್ರ ಅಣುಶಕ್ತಿ ನಿಯಂತ್ರಣ ಮಂಡಳಿಯ ವ್ಯಾಪ್ತಿಗೆ ಬರುತ್ತದೆ.

ಸ್ಥಾವರದಿಂದ ನಮ್ಮ ಕಡೆ ಕ್ಯಾನ್ಸರ್ ಹೆಚ್ಚಾಗಿದೆಯೇ?

ವರ್ಷಕ್ಕೆ ಕೆಲವು ಮೈಕ್ರೋಸೀವರ್ಟ್‌ನಷ್ಟು ಸಣ್ಣ ಪ್ರಮಾಣದ ಪರಿಣಾಮವನ್ನು, ನೂರು ಕಿಲೋಮೀಟರ್ ದೂರದ ಜನಸಂಖ್ಯೆಯಲ್ಲಿ ಯಾವ ಸಮೀಕ್ಷೆಯೂ ಬೇರ್ಪಡಿಸಿ ತೋರಿಸಲಾರದು. ಅಷ್ಟು ಸಣ್ಣ ವ್ಯತ್ಯಾಸ ಉಳಿದ ಕಾರಣಗಳ ನಡುವೆ ಮುಳುಗಿಹೋಗುತ್ತದೆ. ಮಲೆನಾಡಿನ ಬಾಯಿ ಕ್ಯಾನ್ಸರಿನ ಬಗ್ಗೆ ಕೇಳಿದರೆ ತಂಬಾಕು, ಗುಟ್ಕಾ ಮತ್ತು, ಅಡಿಕೆ ಬೆಳೆಯುವ ನಮಗೆ ಹೇಳಲು ಕಷ್ಟವಾದರೂ, ಅಡಿಕೆ ಜಗಿಯುವ ಅಭ್ಯಾಸದ ಕಡೆಗೇ ವೈದ್ಯಶಾಸ್ತ್ರ ಬೆರಳು ತೋರಿಸುತ್ತದೆ. ಸ್ಥಾವರದ ಹತ್ತಿರದ ಊರುಗಳ ಮಾತು ಬೇರೆ: ಅಲ್ಲಿ ಪ್ರತಿ ಕ್ಯಾನ್ಸರ್ ಪ್ರಕರಣವನ್ನೂ ದಾಖಲಿಸುವ ಕಾಯಂ ನೋಂದಣಿ ನಡೆಯಬೇಕು, ಅದರ ಫಲಿತಾಂಶ ಜನರ ಕೈಗೆ ಸಿಗಬೇಕು.

ದೊಡ್ಡ ಅವಘಡವಾದರೆ ಏನು ವ್ಯವಸ್ಥೆಯಿದೆ?

ಸ್ಥಾವರದ ಸುತ್ತ ಯಾರೂ ವಾಸಿಸದ ನಿಷೇಧಿತ ವಲಯ, ಅದರಾಚೆಗೆ ಜನವಸತಿ ಹೆಚ್ಚಾಗದಂತೆ ನೋಡಿಕೊಳ್ಳುವ ವಲಯ, ಸ್ಥಾವರದಿಂದ ಒಟ್ಟು 16 ಕಿಲೋಮೀಟರ್ ದೂರದೊಳಗೆ ತುರ್ತು ಯೋಜನೆಯ ವಲಯ ಎಂದು ಗುರುತಿಸಲಾಗಿದೆ. ಬೇಲಿಯೊಳಗಿನ ತುರ್ತುಸ್ಥಿತಿ ಸ್ಥಾವರದವರ ಹೊಣೆ. ಹೊರಗೆ ಹರಡುವ ಸೂಚನೆ ಕಂಡರೆ ಉತ್ತರ ಕನ್ನಡದ ಜಿಲ್ಲಾಧಿಕಾರಿಗಳು ಮುಂದಾಳತ್ವ ವಹಿಸುತ್ತಾರೆ. ಜನರನ್ನು ಮನೆಯೊಳಗೆ ಇರಿಸುವುದು, ಥೈರಾಯ್ಡ್ ಗ್ರಂಥಿಗೆ ವಿಕಿರಣಶೀಲ ಅಯೋಡಿನ್ ಸೇರದಂತೆ ಪೊಟ್ಯಾಸಿಯಂ ಅಯೋಡೈಡ್ ಅಥವಾ ಅಯೋಡೇಟ್ ಮಾತ್ರೆ ಹಂಚುವುದು, ಅಗತ್ಯವಿದ್ದರೆ ಸ್ಥಳಾಂತರಿಸುವುದು, ಹಾಲು ಮತ್ತು ಸೊಪ್ಪಿನ ಬಳಕೆ ತಡೆಯುವುದು ಈ ಯೋಜನೆಯ ಭಾಗ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ, ನಿಗದಿತ ಅವಧಿಗೊಮ್ಮೆ ಅಣಕು ಕಾರ್ಯಾಚರಣೆಯೂ ನಡೆಯುತ್ತದೆ.

ಶಿವಮೊಗ್ಗ ಜಿಲ್ಲೆ ಈ ವಲಯದ ಹೊರಗಿದೆ. ಆದರೂ ಚೆರ್ನೋಬಿಲ್‌ನಲ್ಲಿಯೂ ಫುಕುಶಿಮಾದಲ್ಲಿಯೂ ಗಾಳಿ ಮತ್ತು ಮಳೆ ಸೇರಿ ದೂರದ ಕೆಲವು ಜಾಗಗಳಲ್ಲಿ ವಿಕಿರಣ ವಸ್ತುವನ್ನು ಹೆಚ್ಚಾಗಿ ಇಳಿಸಿದ್ದವು. ಕೈಗಾದ ರಿಯಾಕ್ಟರು ಚೆರ್ನೋಬಿಲ್‌ನದಕ್ಕಿಂತ ಬಹಳ ಚಿಕ್ಕದು, ವಿನ್ಯಾಸವೂ ಬೇರೆ, ಅದಕ್ಕೆ ಇಮ್ಮಡಿ ಕವಚವಿದೆ. ಆದರೆ ಆಗುಂಬೆಯಂಥ ಮಳೆ ಸುರಿಯುವ ಘಟ್ಟಗಳಲ್ಲಿ ವಾಸಿಸುವ ನಮಗೆ, ಮಳೆಯೊಂದಿಗೆ ಇಳಿಯುವುದನ್ನು ಅಳೆಯುವ ಉಪಕರಣ ಘಟ್ಟದ ಮೇಲಿನ ತಾಲೂಕುಗಳಲ್ಲಿಯೂ ಇರಬೇಕು ಎಂದು ಕೇಳುವ ಹಕ್ಕಿದೆ. ಫುಕುಶಿಮಾದ ನಂತರ ನಮ್ಮ ಸ್ಥಾವರಗಳಲ್ಲಿ, ಎಲ್ಲ ವಿದ್ಯುತ್ ಹೋದರೂ ಹೊರಗಿನಿಂದ ಪಂಪಿನ ಮೂಲಕ ರಿಯಾಕ್ಟರಿಗೆ ನೀರೂಡಿಸುವ ಜೋಡಣೆಗಳನ್ನು ಅಳವಡಿಸಲಾಯಿತು.

ನಮ್ಮ ಊರಿನಲ್ಲಿ ಅಣು ಸ್ಥಾವರವಿಲ್ಲ. ಹಾಗಾದರೆ ಈ ಮಂಡಳಿಗೂ ನಮಗೂ ಏನು ಸಂಬಂಧ?

ಬಹಳ ಹತ್ತಿರದ ಸಂಬಂಧವಿದೆ. ನಿಮ್ಮ ಊರಿನ ಎಕ್ಸ್-ರೇ ಯಂತ್ರ, ಸಿಟಿ ಸ್ಕ್ಯಾನ್, ದಂತವೈದ್ಯರ ಚಿಕ್ಕ ಯಂತ್ರ, ಕ್ಯಾನ್ಸರ್ ಆಸ್ಪತ್ರೆಯ ವಿಕಿರಣ ಚಿಕಿತ್ಸಾ ಯಂತ್ರ ಎಲ್ಲವೂ ಇದೇ ಮಂಡಳಿಯ ಪರವಾನಗಿ ಅಥವಾ ನೋಂದಣಿಯಿಂದಲೇ ನಡೆಯಬೇಕು. ‘ಇ-ಲೋರಾ’ ಎಂಬ ಅಂತರ್ಜಾಲ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸಿ ಇದನ್ನು ಪಡೆಯಬೇಕು. ಮಲೆನಾಡಿನ ಒಬ್ಬ ಸಾಮಾನ್ಯ ಮನುಷ್ಯನ ಜೀವಮಾನದಲ್ಲಿ ಕೈಗಾದಿಂದ ತಾಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವಿಕಿರಣ ಈ ಯಂತ್ರಗಳಿಂದ ತಾಗುತ್ತದೆ. ಬೇಕಾದಾಗ ಅದು ಜೀವ ಉಳಿಸುತ್ತದೆ. ಬೇಡದ ಕಡೆ ತಾಗಿದ್ದು ಮಾತ್ರ ನಷ್ಟವೇ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದಾಗ ಪೇಟೆಯ ಒಂದು ಎಕ್ಸ್-ರೇ ಕೇಂದ್ರಕ್ಕೆ ಕರೆದೊಯ್ದಿದ್ದೆ. ಸೊಂಟದ ಚಿತ್ರ ತೆಗೆಯುವಾಗ ‘ನೀವೇ ಹಿಡ್ಕೊಳ್ಳಿ’ ಎಂದು ನನ್ನನ್ನು ಒಳಗೆ ನಿಲ್ಲಿಸಿದರು. ಸೀಸದ ಏಪ್ರನ್ ಗೋಡೆಯ ಮೊಳೆಗೆ ತೂಗುತ್ತಿತ್ತು. ಮಡಿಕೆಯಲ್ಲಿ ಬಿರುಕು ಬಿಟ್ಟಿದ್ದ ಅದನ್ನು ಯಾರೂ ನನಗೆ ಕೊಡಲಿಲ್ಲ. ಬಾಗಿಲು ಅರ್ಧ ತೆರೆದೇ ಇತ್ತು, ಹೊರಗಿನ ಬೆಂಚಿನ ಮೇಲೆ ಗರ್ಭಿಣಿಯೊಬ್ಬರು ಕೂತಿದ್ದರು. ಯಂತ್ರ ನಡೆಸುತ್ತಿದ್ದ ಹುಡುಗನ ಎದೆಯ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜ್ ಇರಲಿಲ್ಲ. ಕೇಳಿದ್ದಕ್ಕೆ ‘ಮೇಜಿನ ಡ್ರಾಯರಿನಲ್ಲಿದೆ ಸಾರ್, ಕಳೆದುಹೋಗುತ್ತದೆ ಅಂತ’ ಎಂದ. ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ವರ್ಷಗಟ್ಟಲೆ ಅದೇ ಕೋಣೆಯಲ್ಲಿ ದುಡಿಯುವ ಅವನಿಗೆ ಎಷ್ಟು ತಾಗಿದೆ ಎಂಬ ಲೆಕ್ಕವೇ ಇರುವುದಿಲ್ಲವಲ್ಲ ಎಂಬ ನೋವು ಉಳಿಯಿತು.

ಎಕ್ಸ್-ರೇ ಕೋಣೆಯಲ್ಲಿ ನಾವು ಏನನ್ನು ಗಮನಿಸಬೇಕು?

ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಅಥವಾ ಅದಕ್ಕೆ ಸಮನಾದ ತಡೆ, ಸೀಸದ ಹಾಳೆ ಹೊದಿಸಿದ ಬಾಗಿಲು, ಬಾಗಿಲ ಮೇಲೆ ವಿಕಿರಣದ ಚಿಹ್ನೆ ಮತ್ತು ಕೆಂಪು ದೀಪ, ಗರ್ಭಿಣಿಯರು ಮೊದಲೇ ತಿಳಿಸಬೇಕೆಂಬ ಫಲಕ ಇರಬೇಕು. ಸಿಬ್ಬಂದಿ ಎದೆಯ ಮೇಲೆ ಬ್ಯಾಡ್ಜ್ ಧರಿಸಿರಬೇಕು. ರೋಗಿಯನ್ನು ಹಿಡಿದುಕೊಳ್ಳುವುದು ಅನಿವಾರ್ಯವಾದರೆ ಹಿಡಿಯುವವರಿಗೆ ಸೀಸದ ಏಪ್ರನ್ ಕೊಡಬೇಕು. ಮಂಡಳಿಯ ಪರವಾನಗಿ ಅಥವಾ ನೋಂದಣಿ ಪತ್ರವನ್ನು ತೋರಿಸಿ ಎಂದು ವಿನಯದಿಂದ ಕೇಳಿ; ಕೇಳುವುದು ತಪ್ಪಲ್ಲ.

ಹಳೆಯ ವಿಕಿರಣ ಯಂತ್ರಗಳನ್ನು ಗುಜರಿಗೆ ಹಾಕಬಹುದೇ?

ವಿಕಿರಣ ಮೂಲವಿರುವ ಯಾವುದನ್ನೂ ಹಾಗೆ ಹಾಕುವಂತಿಲ್ಲ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಬಂದ ಹಳೆಯ ಉಪಕರಣವೊಂದನ್ನು ಕೆಲಸಗಾರರು ಕತ್ತರಿಸಿದಾಗ, ಒಳಗಿದ್ದ ಕೋಬಾಲ್ಟ್-60 ಹೊರಬಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಎಕ್ಸ್-ರೇ ಯಂತ್ರದಲ್ಲಿ ವಿದ್ಯುತ್ ಇಲ್ಲದಾಗ ವಿಕಿರಣ ಇರುವುದಿಲ್ಲ. ಆದರೆ ಕೋಬಾಲ್ಟಿನಂತಹ ಮೂಲಗಳನ್ನು ಆರಿಸಲು ಸ್ವಿಚ್ಚೇ ಇಲ್ಲ. ಅವನ್ನು ಮಂಡಳಿಯ ಅನುಮತಿಯೊಂದಿಗೆ ಅಧಿಕೃತ ತ್ಯಾಜ್ಯ ಕೇಂದ್ರಕ್ಕೇ ಮರಳಿಸಬೇಕು. ಗುಜರಿ ಅಂಗಡಿ ನಡೆಸುವವರು ಮೂರು ದಳದ ವಿಕಿರಣ ಚಿಹ್ನೆಯನ್ನು ಗುರುತಿಸಲು ಕಲಿತಿರಬೇಕು.

ಅಂಕಿಅಂಶಗಳನ್ನು ನಾನೇ ಪಡೆಯುವುದು ಹೇಗೆ?

ಮೊದಲು ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿರುವ ವಾರ್ಷಿಕ ವರದಿ ನೋಡಿ. ಕೈಗಾದ ಹೆಸರು ಹುಡುಕಿದರೆ ಗಾಳಿಗೆ ಮತ್ತು ನೀರಿಗೆ ಬಿಟ್ಟ ಪ್ರಮಾಣ ಹಾಗೂ ಸಾರ್ವಜನಿಕರಿಗೆ ತಾಗಿದ ಪ್ರಮಾಣದ ವಿವರ ಸಿಗುತ್ತದೆ. ಅದು ಸಾಲದೆ ಹೋದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಮಂಡಳಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೊದಲ ಮೇಲ್ಮನವಿ ಅದೇ ಸಂಸ್ಥೆಯ ಹಿರಿಯ ಅಧಿಕಾರಿಗೆ, ಎರಡನೆಯದು ಕೇಂದ್ರ ಮಾಹಿತಿ ಆಯೋಗಕ್ಕೆ. ಅಣುಶಕ್ತಿ ಕಾನೂನಿನಲ್ಲಿ ಕೆಲವು ಮಾಹಿತಿಯನ್ನು ತಡೆಹಿಡಿಯಲು ಅವಕಾಶವಿರುವುದರಿಂದ, ಯಂತ್ರದ ವಿನ್ಯಾಸ, ಭದ್ರತಾ ವ್ಯವಸ್ಥೆಗಳ ಬಗ್ಗೆ ಕೇಳಿದರೆ ನಿರಾಕರಣೆ ಬರಬಹುದು. ಅದಕ್ಕೆ ಬದಲಾಗಿ ಹೀಗೆ ಕೇಳಿ: ಇಂಥ ವರ್ಷ, ಇಂಥ ಊರಿನ ಹಾಲಿನಲ್ಲಿ, ಇಂಥ ವಸ್ತುವಿನ ಪ್ರಮಾಣ ಎಷ್ಟು, ಮಾದರಿ ಸಂಗ್ರಹಿಸಿದ ದಿನಾಂಕ ಯಾವುದು, ಅಳೆದ ಪ್ರಯೋಗಾಲಯ ಯಾವುದು.